ದೋಣಿಯ ಟ್ಯಾಂಕ್ ದಡದಲ್ಲೇ ಏಕೆ ತುಂಬಬೇಕು?

ಪ್ರಶ್ನೆ: ಕಬಿನಿ ಹಿನ್ನೀರಿನಲ್ಲಿ ಮೋಟಾರು ದೋಣಿಯವರು ಪೆಟ್ರೋಲ್ ಟ್ಯಾಂಕನ್ನು ದಡಕ್ಕೆ ಇಳಿಸಿ ತುಂಬಿಸುತ್ತಿದ್ದರು. ದೋಣಿಯಲ್ಲೇ ತುಂಬಿಸಿದರೆ ಏನಾಗುತ್ತದೆ?
– ಓದುಗರೊಬ್ಬರು, ಗುಂಡ್ಲುಪೇಟೆ

ಉತ್ತರ: ಅವರು ಮಾಡಿದ್ದೇ ಸರಿ. ಹೊತ್ತಿಕೊಳ್ಳುವುದು ಪೆಟ್ರೋಲಿನ ದ್ರವವಲ್ಲ, ಅದರ ಆವಿ. ಆ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಬಯಲಿನಲ್ಲಿ ಚೆಲ್ಲಿದರೆ ಗಾಳಿ ಅದನ್ನು ಚದುರಿಸುತ್ತದೆ. ದೋಣಿಯಲ್ಲಾದರೆ ಹೊರಹೋಗಲು ದಾರಿಯಿಲ್ಲದೆ ತಳದಲ್ಲಿ ಮಡುಗಟ್ಟುತ್ತದೆ. ಗಾಳಿಯಲ್ಲಿ ಶೇಕಡಾ ಒಂದೂವರೆಯಷ್ಟು ಆವಿ ಬೆರೆತರೂ ಸಾಕು, ಸ್ವಿಚ್ಚಿನ ಒಂದು ಕಿಡಿಗೆ ಸಿಡಿಯುತ್ತದೆ. ಮಲ್ಪೆ, ಮಂಗಳೂರಿನ ದೊಡ್ಡ ಮೀನುಗಾರಿಕಾ ಬೋಟುಗಳು ಓಡುವುದು ಡೀಸೆಲ್‌ನಲ್ಲಿ. ಡೀಸೆಲ್ ಅಷ್ಟು ಸುಲಭವಾಗಿ ಆವಿಯಾಗದು, ಆದ್ದರಿಂದ ಅಪಾಯ ಕಡಿಮೆ. ಹಾಗೆಂದು ಬೀಡಿ ಹಚ್ಚಿಕೊಂಡು ತುಂಬಿಸುವಂತಿಲ್ಲ.

ಎಂಜಿನ್ ಆರಿಸಿ, ಜನರನ್ನು ಇಳಿಸಿಯೇ ತುಂಬಿಸಬೇಕು. ಟ್ಯಾಂಕ್ ನೆಲದ ಮೇಲಿರಬೇಕು, ಪೈಪಿನ ಮೂತಿ ಅದರ ಬಾಯಿಗೆ ತಾಗಿಯೇ ಇರಬೇಕು. ಇಂಧನ ಹರಿಯುವಾಗ ಸ್ಥಾಯಿ ವಿದ್ಯುತ್ ಹುಟ್ಟುತ್ತದೆ. ನೆಲದ ಸಂಪರ್ಕವಿದ್ದರೆ ಅದು ಕಿಡಿಯಾಗದೆ ಇಳಿದುಹೋಗುತ್ತದೆ. ಕಂಠದವರೆಗೂ ತುಂಬಬಾರದು, ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದೆ. ಚೆಲ್ಲಿದ್ದನ್ನು ಬಟ್ಟೆಯಿಂದ ಒರೆಸಬೇಕು, ನೀರಿಗೆ ತೊಳೆದು ಬಿಡಬಾರದು. ವಾಸನೆ ಪೂರ್ತಿ ಹೋದ ಮೇಲಷ್ಟೇ ಎಂಜಿನ್ ಚಾಲೂ ಮಾಡಬೇಕು.

ಗುಂಡ್ಲುಪೇಟೆಯಲ್ಲಿ ದೋಣಿ ಅಪರೂಪವಿರಬಹುದು, ಆದರೆ ಪಂಪ್‌ಸೆಟ್ಟಿಗೆ, ಔಷಧಿ ಸಿಂಪಡಿಸುವ ಯಂತ್ರಕ್ಕೆ ಪೆಟ್ರೋಲ್ ಒಯ್ಯುವ ರೈತರು ಬೇಕಾದಷ್ಟಿದ್ದಾರೆ. ಬಂಕಿನಲ್ಲಿ ಕ್ಯಾನನ್ನು ಪಿಕಪ್ಪಿನಲ್ಲೇ ಇಟ್ಟು ತುಂಬಿಸಬೇಡಿ. ದಯವಿಟ್ಟು ಕೆಳಗಿಳಿಸಿ, ನೆಲದ ಮೇಲಿಟ್ಟು ತುಂಬಿಸಿಕೊಳ್ಳಿ.