ಸೀಲ್‌ಬಂಡೆಯ ಮೇಲಿನ ಗೀಟು

1731ರಲ್ಲಿ ಸ್ವೀಡನ್ನಿನ ಆ್ಯಂಡರ್ಸ್ ಸೆಲ್ಸಿಯಸ್, ಹೌದು, ಉಷ್ಣತೆಯ ಅಳತೆಗೆ ಹೆಸರು ಕೊಟ್ಟವನೇ, ಯೆವ್ಲೆ ಪಟ್ಟಣದ ಹತ್ತಿರದ ದ್ವೀಪವೊಂದರಲ್ಲಿ ಸಮುದ್ರದ ನೀರಿನ ಮಟ್ಟಕ್ಕೆ ಸರಿಯಾಗಿ ಬಂಡೆಯ ಮೇಲೆ ಗೀಟು ಕೊರೆಸಿದ. ಸೀಲ್‌ಗಳು ಹತ್ತಿ ಮಲಗುತ್ತಿದ್ದ ಬಂಡೆ ಅದು. ನೀರಿನಿಂದ ತೀರಾ ಮೇಲಾದ ಬಂಡೆಯನ್ನು ಸೀಲ್ ಹತ್ತಲಾರದು, ಬೇಟೆಗಾರನಿಗೂ ಅದು ಬೇಡ. ಹಾಗೆ ಕೈಬಿಟ್ಟ ಬಂಡೆಗಳನ್ನು ಕಂಡು, ಸಮುದ್ರವೇ ಬತ್ತುತ್ತಿದೆ ಎಂದು ಸೆಲ್ಸಿಯಸ್ ನಂಬಿದ್ದ. ಇಂದು ಆ ಗೀಟು ನೀರಿಗಿಂತ ಸುಮಾರು ಎರಡು ಮೀಟರ್ ಎತ್ತರದಲ್ಲಿದೆ. ಎದ್ದಿರುವುದು ನೆಲ.

ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಸ್ಕ್ಯಾಂಡಿನೇವಿಯಾದ ಮೇಲೆ ಸುಮಾರು ಮೂರು ಕಿಲೋಮೀಟರ್ ದಪ್ಪದ ಮಂಜುಗಡ್ಡೆ ಕೂತಿತ್ತು. ಆ ಭಾರಕ್ಕೆ ನೆಲ ಕುಸಿದಿರಬೇಕೆಂದು 1865ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಜೇಮಿಸನ್ ಊಹಿಸಿದ. ಹೋಳಿಗೆಗೆ ನೆನೆಸಿಟ್ಟ ಕಣಕಕ್ಕೆ ಬೆರಳೊತ್ತಿ ನೋಡಿ: ಬೆರಳು ತೆಗೆದ ಕೂಡಲೇ ಗುಳಿ ಒಂದಿಷ್ಟು ಏಳುತ್ತದೆ, ಉಳಿದದ್ದು ನಿಧಾನಕ್ಕೆ. ಭೂಮಿಯೂ ಹಾಗೆಯೇ. ಒತ್ತಡಕ್ಕೆ ಪಕ್ಕಕ್ಕೆ ಸರಿದ ಒಳಗಿನ ಬಿಸಿ ಬಂಡೆ ವಾಪಸು ಹರಿದು ಬರಲು ಸಾವಿರಾರು ವರ್ಷ ಬೇಕು. ಸ್ವೀಡನ್, ಫಿನ್ಲೆಂಡ್ ನಡುವಿನ ಬಾತ್ನಿಯಾ ಕೊಲ್ಲಿಯ ಉತ್ತರ ಭಾಗದ ಕರಾವಳಿ ಈಗಲೂ ವರ್ಷಕ್ಕೆ ಸುಮಾರು 9 ಮಿಲಿಮೀಟರ್ ಏಳುತ್ತಿದೆ. ಬಂದರಿನಲ್ಲಿ ನೀರಿನ ಆಳ ಸಾಲದಾಗಿ ಅಲ್ಲಿನ ಲೂಲಿಯೊ ಪಟ್ಟಣವನ್ನೇ 1649ರಲ್ಲಿ ಬೇರೆಡೆಗೆ ಸಾಗಿಸಬೇಕಾಯಿತು.

ನೆಲದ ಈ ಏಳುಬೀಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವರು ಭೂಮಿಯನ್ನು ಪದರಗಳಾಗಿ ವಿಂಗಡಿಸಿ, ಪ್ರತಿ ಪದರ ಎಷ್ಟು ಗಟ್ಟಿ, ಎಷ್ಟು ಹರಿಯಬಲ್ಲದು ಎಂದು ನಿಗದಿ ಮಾಡುತ್ತಾರೆ. ಮೇಲೆ ಮಂಜಿನ ಭಾರವನ್ನು ಕಾಲಕ್ರಮದಲ್ಲಿ ಇಡುತ್ತ, ತೆಗೆಯುತ್ತ ಹೋಗುತ್ತಾರೆ. ತೊಡಕು ಇರುವುದು ಕರಗಿದ ನೀರಿನಲ್ಲಿ. ಅದು ಕಡಲಿಗೆ ಸೇರಿ ಕಡಲತಳವನ್ನು ಒತ್ತುತ್ತದೆ. ಜೊತೆಗೆ, ಅಷ್ಟು ದೊಡ್ಡ ಮಂಜುರಾಶಿ ತನ್ನ ಗುರುತ್ವದಿಂದ ಸುತ್ತಲ ನೀರನ್ನು ಎಳೆದುಕೊಂಡಿರುತ್ತದೆ; ಅದು ಕರಗಿದರೆ ಹತ್ತಿರದ ಸಮುದ್ರ ಇಳಿಯುತ್ತದೆ, ದೂರದ್ದು ಏರುತ್ತದೆ! ಈ ಎಲ್ಲವನ್ನೂ ಒಂದೇ ಸಮೀಕರಣಕ್ಕೆ ತಂದವರು ಫ್ಯಾರೆಲ್ ಮತ್ತು ಕ್ಲಾರ್ಕ್, 1976ರಲ್ಲಿ. ಉತ್ತರ ಒಂದೇ ಸಲಕ್ಕೆ ದಕ್ಕದು, ಮತ್ತೆ ಮತ್ತೆ ತಿದ್ದುತ್ತ ಹೋಗಬೇಕು.

ನನಗೆ ಕಾಣುವಂತೆ ನಿಜವಾದ ತಲೆನೋವು ಬೇರೆ. ಮಂಜು ಎಷ್ಟು ದಪ್ಪವಿತ್ತೆಂದು ಅಳೆದಿಟ್ಟವರಿಲ್ಲ. ಒಳಗಿನ ಬಂಡೆ ಎಷ್ಟು ಮೆದುವೆಂದು ಮುಟ್ಟಿ ನೋಡಿದವರಿಲ್ಲ. ಎರಡಕ್ಕೂ ಸಾಕ್ಷಿ, ನೆಲದೊಂದಿಗೆ ಮೇಲೆದ್ದ ಅವೇ ಹಳೆಯ ಕಡಲದಡಗಳು. ಒಂದರ ತಪ್ಪನ್ನು ಇನ್ನೊಂದು ಮುಚ್ಚಿಬಿಡಬಹುದು.

ತಪ್ಪಾದರೆ ನಷ್ಟವೂ ಉಂಟು. 2002ರಲ್ಲಿ ಹಾರಿದ ಗ್ರೇಸ್ ಉಪಗ್ರಹಗಳು ಗುರುತ್ವವನ್ನು ಅಳೆದು ಅಂಟಾರ್ಕ್ಟಿಕಾದ ಮಂಜಿನ ತೂಕ ನೋಡುವಾಗ, ಕೆಳಗೆ ಹರಿದುಬರುವ ಬಂಡೆಯ ತೂಕವೂ ಸೇರಿಕೊಂಡಿತು. ಅದೆಷ್ಟೆಂದು ಕಂಪ್ಯೂಟರ್ ಲೆಕ್ಕದಿಂದಲೇ ಅಂದಾಜಿಸಿ ಕಳೆಯಬೇಕು. ಪಶ್ಚಿಮ ಅಂಟಾರ್ಕ್ಟಿಕಾದ ಅಮುಂಡ್ಸನ್ ಕರಾವಳಿಯ ಅಡಿ ಬಂಡೆ ಬಿಸಿ, ಬಲು ಮೆದು. ಅಲ್ಲಿ ಒಂದೆಡೆ ನೆಲ ವರ್ಷಕ್ಕೆ 41 ಮಿಲಿಮೀಟರ್ ಏಳುತ್ತಿದೆಯೆಂದು 2018ರ ಅಧ್ಯಯನವೊಂದು ತೋರಿಸಿತು. ಗೀಟು ಕೊರೆಯಲು ಅಲ್ಲಿ ಬರಿಬಂಡೆ ಸಿಗುವುದೇ ಅಪರೂಪ. ಮಂಜಿನ ನಡುವೆ ತಲೆಯೆತ್ತಿದ ಕೆಲವೇ ಕಲ್ಲುಗಳಿಗೆ ಜಿಪಿಎಸ್ ಯಂತ್ರ ಬಿಗಿದಿದ್ದಾರೆ.