ನಾಲ್ಕನೆಯ ಮಣೆಯ ಅರ್ಧ ಅಂಕ

ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಸ್ವಾತಿ ಘಾಟೆಯವರನ್ನು ಕೊಟ್ಟ ಸಾಂಗಲಿಯಲ್ಲಿ, ನೆರೆಯ ಮಿರಜದಲ್ಲಿ ನಮ್ಮ ಕನ್ನಡ ಶಾಲೆಗಳೂ ತಂಡಗಳ ಚದುರಂಗ ಸ್ಪರ್ಧೆ ನಡೆಸಬಹುದು. ಒಲಿಂಪಿಯಾಡಿನ ನಿಯಮಗಳೇ ಸಾಕು. ನಾಲ್ವರು ಆಡುವರು, ಐದನೆಯವರು ಮೀಸಲು. ಹೆಸರುಗಳ ಕ್ರಮವನ್ನು ಆರಂಭದಲ್ಲೇ ಬರೆದುಕೊಡಬೇಕು, ನಡುವೆ ಬದಲಿಸಲಾಗದು. ಒಬ್ಬರು ಬಾರದಿದ್ದರೆ ಕೆಳಗಿನವರು ಒಂದೊಂದು ಮಣೆ ಮೇಲೇರುವರು. ಕ್ರಮವು ಬಲಾನುಸಾರ ಇರಬೇಕೆಂದು ಸಂಘಟಕರು ಸೇರಿಸುವುದು ಲೇಸು. ಗಟ್ಟಿ ಆಟಗಾರನನ್ನು ಕೊನೆಯಲ್ಲಿ ಅಡಗಿಸಿಡುವ ಜಾಣರು ಎಲ್ಲೆಡೆ ಇದ್ದಾರೆ.

2008ರಿಂದ ಒಲಿಂಪಿಯಾಡಿನಲ್ಲಿ ತಂಡದ ಗೆಲುವಿಗೇ ಮೊದಲ ಮನ್ನಣೆ: 4-0 ಆದರೂ 2½-1½ ಆದರೂ ಎರಡೇ ಅಂಕ, ಸಮನಾದರೆ ಒಂದು. ಆದ್ದರಿಂದ ಕೊನೆಯ ಮಣೆಯಲ್ಲಿ ಐದನೆಯ ತರಗತಿಯ ಬಾಲೆ ಹೆಣಗಿ ಉಳಿಸಿಕೊಂಡ ಡ್ರಾ ಇಡೀ ಶಾಲೆಯನ್ನು ಗೆಲ್ಲಿಸಬಲ್ಲದು. ತಂಡದ ನಾಯಕ ಅವಳಿಗೆ ‘ಡ್ರಾ ಒಪ್ಪಿಕೋ’ ಎನ್ನಬಹುದು. ಕಾಯಿಗಳ ಸ್ಥಿತಿಯ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಹಿಂದೆ ನಿಂತ ಪಾಲಕರಿಗಂತೂ ಅಷ್ಟೂ ಅಧಿಕಾರವಿಲ್ಲ.