ಯುದ್ಧದ ಅಂಚೆಯಲ್ಲಿ ಬೆಳೆದ ಪುಸ್ತಕ

1938. ಜಪಾನಿ ಸೇನೆ ಒಂದೊಂದೇ ಊರನ್ನು ನುಂಗುತ್ತ ಯಾಂಗ್ತ್ಸೆ ನದಿಗುಂಟ ಮುಂದೆ ಬರುತ್ತಿದೆ. ವುಹಾನ್ ವಿಶ್ವವಿದ್ಯಾಲಯದ ಗುಡ್ಡದ ಮೇಲಿನ ಮನೆಯೊಂದರಲ್ಲಿ ಕತೆಗಾರ್ತಿ ಲಿಂಗ್ ಶುಹ್ವಾ ಕಾಗದ ಬರೆಯುತ್ತಾಳೆ. ಯಾರಿಗೆ ಗೊತ್ತೇ? ಎಂದೂ ಮುಖ ನೋಡದ ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್‌ಗೆ! ಇಂಥ ಕಾಲದಲ್ಲಿ ಬರೆಯುವವಳು ಏನು ಮಾಡಬೇಕು ಎಂಬುದೇ ಆಕೆಯ ಕಳವಳ.

ಉತ್ತರ ಬಂತು. ನಿನ್ನ ಬದುಕನ್ನೇ ಬರೆ, ಇಂಗ್ಲಿಷಿನಲ್ಲೇ ಬರೆ, ವ್ಯಾಕರಣಕ್ಕೆ ಹೆದರಬೇಡ, ನಿನ್ನ ಚೀನೀ ಜೀವನಕ್ಕೆ ಆದಷ್ಟು ಹತ್ತಿರವಿರಲಿ ಎಂದು ವುಲ್ಫ್ ಹುರಿದುಂಬಿಸಿದಳು. ಶುಹ್ವಾ ಬರೆಯತೊಡಗಿದಳು. ಯುದ್ಧ ಆಕೆಯನ್ನು ಸಿಚುವಾನ್ ಪ್ರಾಂತಕ್ಕೆ ಅಟ್ಟಿತು. ಅಲ್ಲಿಂದಲೂ ಅಧ್ಯಾಯಗಳು ಒಂದೊಂದಾಗಿ ಸಮುದ್ರ ದಾಟಿ ಇಂಗ್ಲೆಂಡ್ ಸೇರಿದವು. ಬಾಂಬುಗಳ ನಡುವೆ ಅಂಚೆ ನಡೆಯಿತು ಎಂಬುದೇ ಮೈ ಜುಮ್ಮೆನ್ನಿಸುವ ಸಂಗತಿ.

ಆ ಹಾಳೆಗಳಲ್ಲಿ ಇದ್ದದ್ದೇನು? ಬೀಜಿಂಗಿನ ಒಂದು ದೊಡ್ಡ ಮನೆ. ಅಪ್ಪ ಚಿಂಗ್ ರಾಜವಂಶದ ಕಾಲದ ದೊಡ್ಡ ಅಧಿಕಾರಿ; ಆತನಿಗೆ ಹಲವು ಹೆಂಡಿರು, ಮನೆ ತುಂಬ ಮಕ್ಕಳು. ಮೊದಲ ಅಧ್ಯಾಯದಲ್ಲೇ ಪುಟ್ಟ ಹುಡುಗಿಯೊಬ್ಬಳು ಮನೆಯ ಕಾವಲುಗಾರನ ಹೆಗಲೇರಿ ಬೀದಿಯ ಮೆರವಣಿಗೆ ನೋಡುತ್ತಾಳೆ. ಕೆಂಪು ಅಂಗಿ ತೊಟ್ಟ ಗಂಡಸೊಬ್ಬ ನಡುವೆ ಸಾಗುತ್ತಿದ್ದಾನೆ. ಅವನನ್ನು ಕೊಲ್ಲಲು ಒಯ್ಯುತ್ತಿದ್ದಾರೆಂಬುದು ಆ ಮಗುವಿಗೆ ತಿಳಿಯದು. ಅದರ ಕಣ್ಣಿಗೆ ಅವನು ನಾಟಕದ ವೀರ! ಕ್ರೌರ್ಯವನ್ನು ಹೀಗೆ ಬೆರಗಿನ ಕಣ್ಣಿನಿಂದ ತೋರಿಸಲು ಎಂಥ ಕೈ ಬೇಕು!

ವುಲ್ಫ್‌ಳ ಅಕ್ಕನ ಮಗ ಜೂಲಿಯನ್ ಬೆಲ್‌ನಿಂದಲೇ ಈ ಕಾಗದಗಳ ನಂಟು ಬೆಳೆದದ್ದು. ಅವನು 1935ರಲ್ಲಿ ವುಹಾನಿಗೆ ಪಾಠ ಹೇಳಲು ಬಂದಿದ್ದ. ಶುಹ್ವಾಗೂ ಅವನಿಗೂ ಪ್ರೇಮ ಬೆಳೆಯಿತು. 1937ರಲ್ಲಿ ಅವನು ಸ್ಪೇನಿನ ಯುದ್ಧದಲ್ಲಿ ತೀರಿಕೊಂಡ. ಆ ಪ್ರೇಮದ ಬಗ್ಗೆ ಕಾದಂಬರಿ ಬಂತು, ಅದರ ಸುತ್ತ ಕೋರ್ಟು ವ್ಯಾಜ್ಯವೂ ನಡೆಯಿತು. ನನಗಾದರೋ ಆ ಕಾಗದಗಳೇ ದೊಡ್ಡವು.

ಶುಹ್ವಾ ಹೊರಗಿನವರಿಗೆ ಬಾಗಿಲು ತೆರೆದದ್ದು ಅದೇ ಮೊದಲಲ್ಲ. 1924ರಲ್ಲಿ ಚೀನಾಕ್ಕೆ ಬಂದ ರವೀಂದ್ರನಾಥ ಠಾಕೂರರೂ ಜೊತೆಗಿದ್ದ ಚಿತ್ರಕಾರ ನಂದಲಾಲ್ ಬೋಸರೂ ಆಕೆಯ ಮನೆಗೆ, ಚಿತ್ರಕಾರರ ಕೂಟಕ್ಕೆ ಹೋಗಿದ್ದರು. ಕವಿ ಗೆಳೆಯ ಶು ಚಿಮೊ ಆಕೆಯ ಒಂದು ಚಿತ್ರಸುರುಳಿಯನ್ನು ಇಂಗ್ಲೆಂಡಿಗೆ ಒಯ್ದ. ಅದರಲ್ಲಿ ಕಲಾವಿಮರ್ಶಕ ರೋಜರ್ ಫ್ರೈ ಒಂದು ನಿಸರ್ಗದೃಶ್ಯ ಬರೆದುಕೊಟ್ಟ. ಚೀನೀ ಕಲಾವಿದ ಶು ಬೇಹೋಂಗ್‌ನ ಕುದುರೆಯೂ ಆ ಸುರುಳಿಯಲ್ಲಿದೆ. ಎರಡು ನಾಗರಿಕತೆಗಳ ಕುಂಚಗಳು ಒಂದೇ ಸುರುಳಿಯಲ್ಲಿ, ನೆರೆಮನೆಯವರಂತೆ!

1941ರ ಮಾರ್ಚಿನಲ್ಲಿ ವುಲ್ಫ್ ಇಲ್ಲವಾದಳು. ಆದರೆ ಹಾಳೆಗಳು ಕಳೆದುಹೋಗಲಿಲ್ಲ. 1947ರಲ್ಲಿ ಶುಹ್ವಾ ಲಂಡನ್ನಿಗೆ ಬಂದಳು. ವರ್ಜೀನಿಯಾಳ ಗಂಡ ಲಿಯೊನಾರ್ಡ್ ವುಲ್ಫ್‌ನ ಮನೆಯಲ್ಲಿದ್ದ ಅಧ್ಯಾಯಗಳು ಮತ್ತೆ ಕೈಸೇರಿದವು. 1953ರಲ್ಲಿ ವುಲ್ಫ್ ದಂಪತಿ ಕಟ್ಟಿದ್ದ ಹೋಗಾರ್ತ್ ಪ್ರೆಸ್ ಅವನ್ನು 'ಏನ್ಶಿಯೆಂಟ್ ಮೆಲಡೀಸ್' ಎಂಬ ಹೆಸರಿನಲ್ಲಿ ಪ್ರಕಟಿಸಿತು. ಮುನ್ನುಡಿ ಲೇಖಕಿ ವೀಟಾ ಸ್ಯಾಕ್‌ವಿಲ್-ವೆಸ್ಟ್‌ಳದು, ಚಿತ್ರಗಳು ಸ್ವತಃ ಶುಹ್ವಾಳವು. ಆ ಪುಸ್ತಕ ಚೀನೀ ಓದುಗರ ಕೈಸೇರಿದ್ದು 1990ರ ದಶಕದಲ್ಲಿ. ಆಕೆಯ ಮನೆಯ ಕತೆ ಆಕೆಯ ನಾಡಿಗೆ ಮರಳಲು ಸುಮಾರು 40 ವರ್ಷ!

ಕೊನೆಗೆ ಆಕೆಯೂ ಮರಳಿದಳು. 1990ರಲ್ಲಿ, ಸಾವಿಗೆ ಕೆಲವೇ ದಿನ ಮುಂಚೆ, ಬೀಜಿಂಗಿನ ಶಿಜಿಯಾ ಹುಟಾಂಗ್ ಎಂಬ ಓಣಿಯ ಹಳೆಯ ಮನೆಯನ್ನು ನೋಡಲು ಆಕೆಯನ್ನು ಸ್ಟ್ರೆಚರಿನಲ್ಲಿ ಕರೆದೊಯ್ದರು. ತವರಿನಿಂದ ಬಳುವಳಿಯಾಗಿ ಬಂದಿದ್ದ ಆ ಮನೆ ಅಷ್ಟು ಹೊತ್ತಿಗೆ ಶಿಶುವಿಹಾರವಾಗಿತ್ತು. 2013ರಲ್ಲಿ ಅದೇ ಮನೆ ಆ ಓಣಿಯ ಬದುಕನ್ನು ಹೇಳುವ ಮ್ಯೂಸಿಯಂ ಆಯಿತು. ಅದಕ್ಕೆ ಹಣದ ನೆರವು ಕೊಟ್ಟವರಲ್ಲಿ ಆಗಿನ ಬ್ರಿಟನ್ನಿನ ಯುವರಾಜ ಚಾರ್ಲ್ಸರ ಪ್ರತಿಷ್ಠಾನವೂ ಇತ್ತು!